ಬಿರುಕು ಬೆಳೆಯುವ ಲೆಕ್ಕ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಊರಿಗೆ ಬಂದಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ. "ಬೆಂಗಳೂರಲ್ಲಿ ಏನು ಕೆಲಸ ಮಾಡ್ತೀಯಪ್ಪಾ?" ಎಂದು ಕೇಳುತ್ತಾರೆ. "ಕಂಪ್ಯೂಟರ್ ಕೆಲಸ" ಎನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ. ಇವತ್ತು ಸಮಿತಿಯವರು ನನಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ಆದ್ದರಿಂದ ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಬೇಕೆಂದುಕೊಂಡಿದ್ದೇನೆ.

ಉಕ್ಕು, ಅಲ್ಯೂಮಿನಿಯಂ ಮುಂತಾದ ಲೋಹಗಳಿಂದ ಮಾಡಿದ ಭಾಗಗಳಲ್ಲಿ ಸಣ್ಣ ಬಿರುಕು ಹುಟ್ಟಿದರೆ ಅದು ಎಷ್ಟು ಬೇಗ ಬೆಳೆಯುತ್ತದೆ, ಯಾವಾಗ ಅಪಾಯದ ಅಳತೆ ಮುಟ್ಟುತ್ತದೆ ಎಂಬುದನ್ನು ಮುಂಚಿತವಾಗಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ವಿಮಾನದ ರೆಕ್ಕೆ, ರೈಲಿನ ಅಚ್ಚು, ಸೇತುವೆಯ ತೊಲೆ, ಗಾಳಿಯಂತ್ರದ ಕಂಬ, ಇವೆಲ್ಲಕ್ಕೂ ಈ ಲೆಕ್ಕ ಬೇಕು. ಆದರೆ ನನಗೆ ಈ ವಿಷಯ ಮೊದಲು ಗೊತ್ತಾದದ್ದು ಇಂಜಿನಿಯರಿಂಗ್ ಕಾಲೇಜಿನಲ್ಲಲ್ಲ. ಈ ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿದ್ದ ಒಂದು ಕಬ್ಬಿಣದ ತುಂಡಿನಿಂದ. ಆ ತುಂಡು ಇಗೋ, ನನ್ನ ಕೈಯಲ್ಲಿದೆ. ಮಾತು ಮುಗಿದ ಮೇಲೆ ಮಕ್ಕಳು ಬಂದು ನೋಡಬಹುದು.

ಇದು ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸುವ ಕೊಂಡಿಯ ಪಟ್ಟಿ. ಇಪ್ಪತ್ತು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಟ್ರೇಲರಿನಲ್ಲಿತ್ತು. ನಮ್ಮ ಜಿಲ್ಲೆಯ ಕೆರೆಗಳಿಗೆ ಕೆ.ಸಿ. ವ್ಯಾಲಿಯ ನೀರು ಬರುವುದಕ್ಕಿಂತ ಬಹಳ ಹಿಂದಿನ ಮಾತು. ಕೆರೆ ಒಣಗಿತ್ತು, ಎಲ್ಲರೂ ಹೊಲಕ್ಕೆ ಗೋಡು ಮಣ್ಣು ಹೊಡೆಸುತ್ತಿದ್ದರು. ಒಂದು ಬೆಳಿಗ್ಗೆ, ಮಣ್ಣು ತುಂಬಿದ ಟ್ರೇಲರ್ ಕೆರೆಯಂಗಳದಿಂದ ದಿಣ್ಣೆ ಹತ್ತುವಾಗ ಈ ಪಟ್ಟಿ ಪಟ್ಟನೆ ಮುರಿಯಿತು. ಟ್ರೇಲರ್ ಹಿಂದಕ್ಕೆ ಉರುಳಿ ಮಗುಚಿತು. ಮಣ್ಣಿನ ಮೇಲೆ ಕುಳಿತಿದ್ದ ಒಬ್ಬ ಕೂಲಿಯವರ ಕಾಲು ಮುರಿಯಿತು.

ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ನಿನ್ನೆ ತನಕ ಚೆನ್ನಾಗಿತ್ತು." ಕೆಲವರು ದೃಷ್ಟಿ ತಾಕಿತು ಎಂದರು. ನಮ್ಮ ಮನೆಯವರು ಮಾತ್ರ ಡ್ರೈವರನ್ನು ದೂರಿದರು. ಜೋರಾಗಿ ಎಳೆದ, ಗುಂಡಿಗೆ ಇಳಿಸಿದ, ಅದಕ್ಕೇ ಮುರಿಯಿತು ಎಂದರು. ಆ ಅಣ್ಣ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಕೆಲಸ ಹೋಯಿತು. ಸುತ್ತಮುತ್ತ ಬೇರೆ ಯಾರೂ ಅವರ ಕೈಗೆ ಟ್ರ್ಯಾಕ್ಟರ್ ಕೊಡಲಿಲ್ಲ.

ನಾನು ಆಗ ಒಂಬತ್ತನೇ ತರಗತಿ. ಮುರಿದ ತುಂಡನ್ನು ಚೀಲದಲ್ಲಿಟ್ಟುಕೊಂಡು ಬಂದು ನಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿದೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನೇ ಕೇಳಿದರು: "ಮುರಿದದ್ದು ಒಂದೇ ಸಲ ಅಂತೀಯ. ಹಾಗಾದರೆ ಎರಡು ಬಣ್ಣ ಯಾಕಿದೆ?"

ಹೌದು, ಎರಡು ಬಣ್ಣ ಇತ್ತು. ಈಗ ಪೂರ್ತಿ ತುಕ್ಕು ಹಿಡಿದಿದೆ, ಆದರೂ ಕಾಣುತ್ತದೆ. ಒಂದು ಅಂಚಿನಿಂದ ಸ್ವಲ್ಪ ದೂರದವರೆಗೆ ಮುರಿದ ಮುಖ ನುಣುಪಾಗಿ, ಕಪ್ಪಾಗಿ ಇದೆ. ಅದರಲ್ಲಿ ಬಿಲ್ಲಿನಂಥ ಸಣ್ಣ ಗೆರೆಗಳಿವೆ. ಕೆರೆಯ ನೀರು ಹಿಂದೆ ಸರಿದ ಮೇಲೆ ದಡದಲ್ಲಿ ಉಳಿಯುವ ಗೆರೆಗಳ ಹಾಗೆ. ಉಳಿದ ಭಾಗ ಅವತ್ತು ಬೆಳ್ಳಗೆ, ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಹೊಳೆಯುತ್ತಿತ್ತು. ಮೇಷ್ಟ್ರು ಹೇಳಿದರು: "ಬೆಳ್ಳಗಿರೋದು ನಿನ್ನೆ ಮುರಿದದ್ದು. ಕಪ್ಪಗಿರೋದು ಯಾವತ್ತೋ ಮುರಿದದ್ದು. ಒಳಗೆ ನೀರು, ಗಾಳಿ ಹೋಗಿ ತುಕ್ಕು ಹಿಡಿದಿದೆ."

ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಆದರೆ ಒಂಬತ್ತನೇ ತರಗತಿಯ ಹುಡುಗ ಮನೆಯ ಹಿರಿಯರ ಮುಂದೆ ಈ ಮಾತು ಹೇಳುವ ಧೈರ್ಯ ಮಾಡಲಿಲ್ಲ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಒಂದು ತಂತಿಯನ್ನು ಕೈಯಲ್ಲಿ ಹಿಡಿದು ಒಂದೇ ಸಲ ಎಳೆದು ತುಂಡು ಮಾಡಲು ನಮ್ಮಿಂದ ಆಗುವುದಿಲ್ಲ. ಅದೇ ತಂತಿಯನ್ನು ಅತ್ತ ಇತ್ತ ಹತ್ತಿಪ್ಪತ್ತು ಸಲ ಬಗ್ಗಿಸಿದರೆ ಮಕ್ಕಳ ಕೈಯಲ್ಲೂ ತುಂಡಾಗುತ್ತದೆ. ಒಂದು ಸಲದ ಭಾರವನ್ನು ಸುಲಭವಾಗಿ ತಡೆಯುವ ಲೋಹ, ಅದಕ್ಕಿಂತ ಕಡಿಮೆ ಭಾರ ಲಕ್ಷ ಸಲ ಬಂದು ಹೋದರೆ ಸೋಲುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು. ಇಂಗ್ಲಿಷಿನಲ್ಲಿ ಫಟೀಗ್ ಎನ್ನುತ್ತಾರೆ. ಆದರೆ ಮನುಷ್ಯನ ದಣಿವಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ನಾವು ರಾತ್ರಿ ಮಲಗಿ ಎದ್ದರೆ ದಣಿವು ಹೋಗುತ್ತದೆ. ಟ್ರೇಲರನ್ನು ಆರು ತಿಂಗಳು ಕೊಟ್ಟಿಗೆಯಲ್ಲಿ ನಿಲ್ಲಿಸಿದರೂ ಅದರ ಬಿರುಕು ಮುಚ್ಚಿಕೊಳ್ಳುವುದಿಲ್ಲ.

ಈ ದಣಿವಿನ ವಿಷಯ ಲೋಕಕ್ಕೆ ಗೊತ್ತಾದದ್ದು ರೈಲಿನಿಂದ. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹಿಂದಿರುಗುತ್ತಿದ್ದ ರೈಲಿನ ಇಂಜಿನ್ನಿನ ಅಚ್ಚು ಮುರಿದು, ಬೋಗಿಗಳಿಗೆ ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಚ್ಚು ಯಾಕೆ ಮುರಿಯಿತು ಎಂದು ದೊಡ್ಡ ಚರ್ಚೆಯಾಯಿತು. ಮುಂದೆ ಜರ್ಮನಿಯ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್ ಎಂಬುವರು 1850ರ ದಶಕದಿಂದ 1870ರವರೆಗೆ ಅಚ್ಚುಗಳನ್ನು ಯಂತ್ರದಲ್ಲಿ ತಿರುಗಿಸಿ ತಿರುಗಿಸಿ ಪರೀಕ್ಷೆ ಮಾಡಿದರು. ಎಷ್ಟು ಭಾರ ಬರುತ್ತದೆ ಎಂಬುದು ಮಾತ್ರ ಮುಖ್ಯವಲ್ಲ, ಅದು ಎಷ್ಟು ಏರಿ ಇಳಿಯುತ್ತದೆ ಮತ್ತು ಎಷ್ಟು ಸಲ ಬರುತ್ತದೆ ಎಂಬುದು ಮುಖ್ಯ ಎಂದು ತೋರಿಸಿಕೊಟ್ಟರು.

ಎಷ್ಟು ಸಲ ಎಂಬುದಕ್ಕೆ ನಮ್ಮ ಕಡೆಯ ಲೆಕ್ಕವನ್ನೇ ಹೇಳುತ್ತೇನೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು 70 ಕಿಲೋಮೀಟರ್. ಬೋಗಿಯ ಹೊಸ ಗಾಲಿಯ ಅಡ್ಡಳತೆ 915 ಮಿಲಿಮೀಟರ್. ಸುತ್ತಳತೆ ಎಷ್ಟು? ಮಕ್ಕಳೇ, ಪೈನಿಂದ ಗುಣಿಸಿ: 2.87 ಮೀಟರ್. ಹಾಗಾದರೆ ಒಂದು ಪ್ರಯಾಣದಲ್ಲಿ ಗಾಲಿ ಸುಮಾರು 24 ಸಾವಿರ ಸುತ್ತು ಸುತ್ತುತ್ತದೆ. ಭಾರಕ್ಕೆ ಬಗ್ಗಿರುವ ಅಚ್ಚು ಸುತ್ತಿದಂತೆ, ಒಂದು ಸುತ್ತಿನಲ್ಲಿ ಅದರ ಒಂದೇ ಜಾಗ ಒಮ್ಮೆ ಎಳೆಸಿಕೊಳ್ಳುತ್ತದೆ, ಒಮ್ಮೆ ಒತ್ತಿಸಿಕೊಳ್ಳುತ್ತದೆ. ಬೆಳಿಗ್ಗೆ ಹೋಗಿ ಸಾಯಂಕಾಲ ಬರುವ ರೈಲಿಗೆ ದಿನಕ್ಕೆ 48 ಸಾವಿರ ಸಲ. ನಮ್ಮ ರೈಲುಗಳ ಗಾಲಿ ಮತ್ತು ಅಚ್ಚುಗಳನ್ನು ಮಾಡುವ ಕಾರ್ಖಾನೆ 1984ರಿಂದ ಯಲಹಂಕದಲ್ಲೇ ಇದೆ. ಅಚ್ಚು ಓಡಾಟಕ್ಕೆ ಬಂದ ಮೇಲೂ ನಿಗದಿಯಾದ ಅವಧಿಗೊಮ್ಮೆ ಅದರೊಳಗೆ ಶಬ್ದದ ಅಲೆ ಕಳಿಸಿ ಬಿರುಕು ಇದೆಯೇ ಎಂದು ನೋಡುತ್ತಾರೆ. ಆಸ್ಪತ್ರೆಯ ಸ್ಕ್ಯಾನಿಂಗ್ ಇದ್ದ ಹಾಗೆ.

ಇನ್ನೊಂದು ಪಾಠ ಆಕಾಶದಿಂದ ಬಂತು. ಜೆಟ್ ಇಂಜಿನ್ನಿನ ಮೊದಲ ಪ್ರಯಾಣಿಕ ವಿಮಾನ ಕಾಮೆಟ್. 1954ರ ಜನವರಿ 10ರಂದು ಒಂದು, ಏಪ್ರಿಲ್ 8ರಂದು ಇನ್ನೊಂದು ಕಾಮೆಟ್ ಇಟಲಿಯ ಹತ್ತಿರ ಸಮುದ್ರದ ಮೇಲೆ ಆಕಾಶದಲ್ಲೇ ಒಡೆದು ಬಿದ್ದವು. ಇಂಗ್ಲೆಂಡಿನ ಇಂಜಿನಿಯರುಗಳು ಅದೇ ಬಗೆಯ ಒಂದು ವಿಮಾನವನ್ನು ದೊಡ್ಡ ನೀರಿನ ತೊಟ್ಟಿಯಲ್ಲಿಟ್ಟು, ಒಳಗೆ ನೀರಿನ ಒತ್ತಡ ಏರಿಸುತ್ತ ಇಳಿಸುತ್ತ ಹೋದರು. ಒಂದು ಸಲ ಏರಿಸಿ ಇಳಿಸಿದರೆ ಒಂದು ಪ್ರಯಾಣದ ಲೆಕ್ಕ. ಅದು ಮೊದಲೇ 1,221 ಸಲ ಹಾರಿತ್ತು. ತೊಟ್ಟಿಯಲ್ಲಿ ಇನ್ನೂ 1,836 ಸಲ ಆದ ಮೇಲೆ ವಿಮಾನದ ಮೈ ಬಿರಿಯಿತು. ಒಟ್ಟು 3,057. ಕಿಟಕಿಯಂಥ ತೆರಪಿನ ಮೂಲೆಯಲ್ಲಿ, ರಿವೆಟಿನ ತೂತಿನ ಹತ್ತಿರ ಬಿರುಕು ಹುಟ್ಟುತ್ತಿತ್ತು.

ಈಗ ಬಿರುಕಿನ ಗುಣ ಏನು ಎಂದು ನೋಡೋಣ. ನಮ್ಮ ಕೋಲಾರದ ಕಡೆ ಬಂಡೆ ಒಡೆಯುವವರನ್ನು ನೀವೆಲ್ಲ ನೋಡಿದ್ದೀರಿ. ಆನೆ ಗಾತ್ರದ ಬಂಡೆಯನ್ನು ಅವರು ಬರೀ ಶಕ್ತಿಯಿಂದ ಒಡೆಯುವುದಿಲ್ಲ. ಸಾಲಾಗಿ ಸಣ್ಣ ಸಣ್ಣ ಕುಳಿ ಹೊಡೆದು, ಉಳಿ ಇಟ್ಟು, ಸುತ್ತಿಗೆಯಿಂದ ಒಂದೊಂದೇ ಏಟು ಹಾಕುತ್ತ ಹೋಗುತ್ತಾರೆ. ಬಂಡೆ ಗೆರೆ ಎಳೆದ ಹಾಗೆ ಸೀಳುತ್ತದೆ. ಹೊಡೆದ ಶಕ್ತಿಯೆಲ್ಲ ಆ ಕುಳಿಗಳ ತುದಿಯಲ್ಲಿ ಸೇರಿಕೊಳ್ಳುವುದರಿಂದ ಹೀಗಾಗುತ್ತದೆ. 1920ರಲ್ಲಿ ಇಂಗ್ಲೆಂಡಿನ ಗ್ರಿಫಿತ್ ಎಂಬ ಇಂಜಿನಿಯರ್ ಗಾಜಿನ ಮೇಲೆ ಪ್ರಯೋಗ ಮಾಡಿ ಇದನ್ನೇ ಗಣಿತದಲ್ಲಿ ಹೇಳಿದರು. ಕಣ್ಣಿಗೆ ಕಾಣದ ಗೀರುಗಳೇ ಗಾಜನ್ನು ಒಡೆಯುತ್ತವೆ. 1957ರಲ್ಲಿ ಅಮೆರಿಕದ ಇರ್ವಿನ್ ಎಂಬುವರು ಬಿರುಕಿನ ತುದಿಯಲ್ಲಿ ಎಷ್ಟು ತೀವ್ರತೆ ಸೇರಿದೆ ಎಂದು ಹೇಳಲು ಒಂದು ಅಳತೆ ಕೊಟ್ಟರು. ಅದರಲ್ಲಿ ಎರಡೇ ಮುಖ್ಯ ವಿಷಯ: ಎಳೆತ ಎಷ್ಟಿದೆ, ಬಿರುಕು ಎಷ್ಟು ಉದ್ದ ಇದೆ. ಎಳೆತ ದುಪ್ಪಟ್ಟಾದರೆ ತೀವ್ರತೆ ದುಪ್ಪಟ್ಟು. ಬಿರುಕು ನಾಲ್ಕು ಪಟ್ಟು ಉದ್ದವಾದರೂ ತೀವ್ರತೆ ದುಪ್ಪಟ್ಟು.

ಪಾಲ್ ಪ್ಯಾರಿಸ್ ಎಂಬ ಯುವಕ ಇದನ್ನು ಹಿಡಿದು ಒಂದು ಸರಳ ಸೂತ್ರ ಬರೆದರು. ಒಂದೊಂದು ಎಳೆತಕ್ಕೆ ಬಿರುಕು ಎಷ್ಟು ಬೆಳೆಯುತ್ತದೆ ಎಂಬುದನ್ನು ಆ ತೀವ್ರತೆಯ ಏರಿಳಿತ ತೀರ್ಮಾನಿಸುತ್ತದೆ ಎಂದರು. ದೊಡ್ಡ ಪತ್ರಿಕೆಗಳು ಅವರ ಲೇಖನವನ್ನು ಹಿಂದಿರುಗಿಸಿದವು. ಕೊನೆಗೆ 1961ರಲ್ಲಿ ಒಂದು ವಿಶ್ವವಿದ್ಯಾಲಯದ ಸಣ್ಣ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಇವತ್ತು ನಾವು ಬರೆಯುವ ಎಲ್ಲ ಸಾಫ್ಟ್‌ವೇರಿನ ಹೊಟ್ಟೆಯಲ್ಲೂ ಆ ಸೂತ್ರ ಇದೆ. ಉತ್ತರ ಪತ್ರಿಕೆಯಲ್ಲಿ ಕೆಂಪು ಗೆರೆ ಬಿದ್ದಾಗ ಬೇಜಾರಾಗುವ ಮಕ್ಕಳು ಇದನ್ನು ನೆನಪಿಡಿ.

ಸಾಮಾನ್ಯ ಉಕ್ಕಿಗೆ ಆ ಸೂತ್ರದಲ್ಲಿ ಘಾತ ಸುಮಾರು 3. ಅಂದರೆ ಎಳೆತ ದುಪ್ಪಟ್ಟಾದರೆ ಬಿರುಕು ಬೆಳೆಯುವ ವೇಗ ದುಪ್ಪಟ್ಟಲ್ಲ, ಎರಡರ ಘನ, ಎಂಟು ಪಟ್ಟು. ರೈತ ಬಂಧುಗಳು ಇದನ್ನು ಗಮನಿಸಬೇಕು. ಐದು ಟನ್ ಹೊರುವ ಟ್ರೇಲರಿಗೆ ಆರು ಟನ್ ಹೇರಿದರೆ ನಮಗೆ ಐದರಲ್ಲಿ ಒಂದು ಪಾಲು ಮಾತ್ರ ಹೆಚ್ಚು ಎನಿಸುತ್ತದೆ. ಬಿರುಕಿನ ಲೆಕ್ಕದಲ್ಲಿ 1.2ರ ಘನ, 1.73. ಕೊಂಡಿಯ ಆಯುಷ್ಯ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಒಂದು ಟ್ರಿಪ್ ಉಳಿಸಲು ಹೋಗಿ ಏನು ಕಳೆದುಕೊಳ್ಳುತ್ತೇವೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಇನ್ನೊಂದು ಲೆಕ್ಕ. ಒಂದು ಅಗಲವಾದ ಉಕ್ಕಿನ ಪಟ್ಟಿಯ ಅಂಚಿನಲ್ಲಿ 1 ಮಿಲಿಮೀಟರ್ ಬಿರುಕು ಇದೆ ಎಂದುಕೊಳ್ಳಿ. 16 ಮಿಲಿಮೀಟರ್ ಆದಾಗ ಮುರಿಯುತ್ತದೆ, ಅದಕ್ಕೆ 1,000 ದಿನ ಬೇಕು ಎನ್ನೋಣ. ದಿನವೂ ಒಂದೇ ಸಮ ಕೆಲಸ. ಪ್ಯಾರಿಸ್ ಸೂತ್ರದ ಪ್ರಕಾರ 1ರಿಂದ 2 ಮಿಲಿಮೀಟರ್ ಆಗಲು 391 ದಿನ. 2ರಿಂದ 4ಕ್ಕೆ 276 ದಿನ. 4ರಿಂದ 8ಕ್ಕೆ 195 ದಿನ. ಕೊನೆಯ 8 ಮಿಲಿಮೀಟರಿಗೆ ಬರೀ 138 ದಿನ. ಮೊದಲ ಒಂದು ಮಿಲಿಮೀಟರ್ ಬೆಳೆಯಲು ಒಂದು ವರ್ಷಕ್ಕಿಂತ ಹೆಚ್ಚು, ಕೊನೆಯ ಎಂಟಕ್ಕೆ ಐದು ತಿಂಗಳೂ ಇಲ್ಲ. ಹೆಚ್ಚಿನ ಕಾಲ ಬಿರುಕು ಕಣ್ಣಿಗೆ ಕಾಣದಷ್ಟು ಸಣ್ಣದಾಗಿರುತ್ತದೆ. ಅದಕ್ಕೇ "ನಿನ್ನೆ ತನಕ ಚೆನ್ನಾಗಿತ್ತು" ಎಂದು ನಮಗೆ ಅನಿಸುವುದು.

ಹಾಗಾದರೆ ಇದಕ್ಕೆ ಕಂಪ್ಯೂಟರ್ ಯಾಕೆ, ಕಾಗದ ಪೆನ್ನು ಸಾಲದೇ ಎಂದು ಕೇಳಬಹುದು. ಸಪಾಟಾದ ಪಟ್ಟಿಗೆ ಸಾಕು. ಆದರೆ ನಿಜವಾದ ಭಾಗಗಳಿಗೆ ತೂತು, ಮೂಲೆ, ಬೆಸುಗೆ, ತಿರುವು ಎಲ್ಲ ಇರುತ್ತದೆ. ಅಂಥ ಕಡೆ ಎಳೆತ ಎಲ್ಲಿ ಎಷ್ಟು ಎಂದು ಕೈಯಲ್ಲಿ ಹೇಳುವುದು ಅಸಾಧ್ಯ. ಇದಕ್ಕಾಗಿ 1950ರ ದಶಕದಲ್ಲಿ ಒಂದು ಉಪಾಯ ಬೆಳೆಯಿತು. ವಿಮಾನದ ರಚನೆಗಳ ಲೆಕ್ಕಕ್ಕೆಂದು 1956ರಲ್ಲಿ ನಾಲ್ವರು ಇಂಜಿನಿಯರುಗಳು ಅದನ್ನು ಬರೆದರು. ಅವರಲ್ಲಿ ಒಬ್ಬರಾದ ಕ್ಲಫ್ 1960ರಲ್ಲಿ ಅದಕ್ಕೆ ಫೈನೈಟ್ ಎಲಿಮೆಂಟ್ ವಿಧಾನ ಎಂದು ಹೆಸರಿಟ್ಟರು.

ಹೆಸರು ದೊಡ್ಡದು, ವಿಷಯ ನಮ್ಮ ಅಂಗಳದ್ದೇ. ಅಮ್ಮಂದಿರು ರಂಗೋಲಿ ಹಾಕುವಾಗ ಮೊದಲು ಚುಕ್ಕಿ ಇಡುತ್ತಾರೆ, ಆಮೇಲೆ ಚುಕ್ಕಿಗಳನ್ನು ಸೇರಿಸಿ ಚೌಕ, ತ್ರಿಕೋನ ಮಾಡುತ್ತಾರೆ. ನಾವೂ ಹಾಗೆಯೇ. ಇಡೀ ಕೊಂಡಿಯ ಆಕಾರವನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಅದರ ತುಂಬ ಚುಕ್ಕಿ ಇಟ್ಟು ಸಾವಿರಾರು ಸಣ್ಣ ತುಂಡುಗಳಾಗಿ ಭಾಗ ಮಾಡುತ್ತೇವೆ. ಒಂದೊಂದು ತುಂಡೂ ಒಂದು ಸ್ಪ್ರಿಂಗ್ ಇದ್ದ ಹಾಗೆ. ಇಷ್ಟು ಎಳೆದರೆ ಇಷ್ಟು ಹಿಗ್ಗುತ್ತದೆ ಎಂದು ಸಮೀಕರಣ ಬರೆಯಬಹುದು. ಹತ್ತನೇ ತರಗತಿಯಲ್ಲಿ ಎರಡು ಅವ್ಯಕ್ತಗಳ ಸಮೀಕರಣ ಬಿಡಿಸುತ್ತೀರಲ್ಲ, ಅದೇ. ಇಲ್ಲಿ ಅವ್ಯಕ್ತಗಳು ಲಕ್ಷಗಟ್ಟಲೆ, ಅದಕ್ಕೇ ಕಂಪ್ಯೂಟರ್.

ಬಿರುಕಿನ ತುದಿಯ ಹತ್ತಿರ ಚುಕ್ಕಿಗಳನ್ನು ಬಹಳ ಒತ್ತೊತ್ತಾಗಿ ಇಡಬೇಕು. ತೀವ್ರತೆ ಲೆಕ್ಕ ಮಾಡಿ, ಪ್ಯಾರಿಸ್ ಸೂತ್ರ ಹಾಕಿ, ಬಿರುಕನ್ನು ಸ್ವಲ್ಪ ಮುಂದೆ ಸರಿಸಬೇಕು. ಸರಿಸಿದ ತಕ್ಷಣ ಹಳೆಯ ಚುಕ್ಕಿಗಳು ಉಪಯೋಗಕ್ಕೆ ಬರುವುದಿಲ್ಲ, ಅಳಿಸಿ ಹೊಸದಾಗಿ ಇಡಬೇಕು. ಹೀಗೆ ನೂರಾರು ಸಲ. ಈ ತೊಂದರೆ ತಪ್ಪಿಸಲು 1999ರಲ್ಲಿ ಅಮೆರಿಕದಲ್ಲಿ ಬೆಲಿಚ್‌ಕೋ ಮತ್ತು ಅವರ ಸಂಗಡಿಗರು ಇನ್ನೊಂದು ವಿಧಾನ ತಂದರು. ಅದರಲ್ಲಿ ಬಿರುಕು ಚುಕ್ಕಿಗಳ ಮೇಲೇ ಹೋಗಬೇಕೆಂದಿಲ್ಲ, ತುಂಡುಗಳ ನಡುವೆ ಅಡ್ಡವಾಗಿ ಹಾದುಹೋಗಬಹುದು. ಬಿರುಕನ್ನು ಗೆರೆಯಾಗಿ ನೋಡದೆ, ಒದ್ದೆ ಬಟ್ಟೆಯ ಅಂಚಿನ ಹಾಗೆ, ಪೂರ್ತಿ ಗಟ್ಟಿ ಇರುವ ಕಡೆಯಿಂದ ಪೂರ್ತಿ ಒಡೆದ ಕಡೆಗೆ ನಿಧಾನವಾಗಿ ಬದಲಾಗುವ ಪಟ್ಟಿಯಾಗಿ ನೋಡುವ ವಿಧಾನವೂ ಬಂದಿದೆ. ಬಿರುಕು ಕವಲೊಡೆಯುವ ಕಡೆ ಇದು ಅನುಕೂಲ.

ಈ ವಿದ್ಯೆ ಬರೀ ಹೊರದೇಶದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ಇಂಜಿನಿಯರಿಂಗ್ ವಿಭಾಗದಲ್ಲಿ ಪ್ರೊ. ಬಿ. ದತ್ತಗುರು ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ, ಬಿರುಕು ತೆರೆಯಲು ಬೇಕಾಗುವ ಶಕ್ತಿಯನ್ನು ಈ ಚುಕ್ಕಿಗಳ ಲೆಕ್ಕದಿಂದಲೇ ನಿಖರವಾಗಿ ತೆಗೆಯುವ ವಿಧಾನವನ್ನು ಬೆಳೆಸಿದರು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ವಿಮಾನದ ರಚನೆಗಳನ್ನು ದಿನಗಟ್ಟಲೆ ಎಳೆದು ಒತ್ತಿ ದಣಿವಿನ ಪರೀಕ್ಷೆ ಮಾಡುತ್ತಾರೆ. ಲೆಕ್ಕ ಮತ್ತು ಪರೀಕ್ಷೆ ಎರಡೂ ಒಂದನ್ನೊಂದು ತಿದ್ದಬೇಕು. ನಮ್ಮ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಬಿ.ಇ.ಎಂ.ಎಲ್. ತಯಾರಿಸುವ ಬುಲ್ಡೋಜರಿನಂಥ ಯಂತ್ರಗಳಿಗೂ ದಣಿವೇ ದೊಡ್ಡ ಶತ್ರು, ಯಾಕೆಂದರೆ ಅವು ಇಡೀ ದಿನ ಕಲ್ಲು ಮಣ್ಣಿಗೆ ಗುದ್ದುತ್ತಿರುತ್ತವೆ.

ಇಷ್ಟು ಹೇಳಿದ ಮೇಲೆ ಈ ಲೆಕ್ಕದ ದೌರ್ಬಲ್ಯವನ್ನೂ ಹೇಳಬೇಕು. ಕಂಪ್ಯೂಟರಿನ ಪರದೆಯ ಮೇಲೆ ಬಣ್ಣ ಬಣ್ಣದ ಚಿತ್ರ ಬಂದರೆ ಜನ ನಂಬುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ನಂಬಿದ್ದೆ. ಒಂದು ಭಾಗದ ಆಯುಷ್ಯವನ್ನು ಲೆಕ್ಕ ಹಾಕಿ, ಇಷ್ಟು ಲಕ್ಷ ಸಲ ಎಂದು ಹೆಮ್ಮೆಯಿಂದ ತೋರಿಸಿದೆ. ನಮ್ಮ ಹಿರಿಯ ಇಂಜಿನಿಯರ್ ಒಂದೇ ಪ್ರಶ್ನೆ ಕೇಳಿದರು: "ಶುರುವಿನಲ್ಲಿ ಬಿರುಕು ಎಷ್ಟಿತ್ತು ಅಂತ ನಿಮಗೆ ಯಾರು ಹೇಳಿದರು?" ಯಾರೂ ಹೇಳಿರಲಿಲ್ಲ. ಸಾಫ್ಟ್‌ವೇರಿನಲ್ಲಿ ಮೊದಲೇ ಇದ್ದ ಒಂದು ಅಂಕಿಯನ್ನು ನಾನು ಬದಲಾಯಿಸದೆ ಬಿಟ್ಟಿದ್ದೆ. ಅದನ್ನು ದುಪ್ಪಟ್ಟು ಮಾಡಿ ನೋಡಿದಾಗ ಆಯುಷ್ಯ ಮೂರನೇ ಒಂದು ಭಾಗದಷ್ಟು ಬಿದ್ದುಹೋಯಿತು. ಅವತ್ತಿನಿಂದ ನಾನು ಒಂದೇ ಉತ್ತರ ಕೊಡುವುದಿಲ್ಲ. ಇಷ್ಟರಿಂದ ಇಷ್ಟರವರೆಗೆ ಎಂದು ಹೇಳುತ್ತೇನೆ.

ಎಳೆತಗಳನ್ನು ಎಣಿಸುವುದೂ ಸುಲಭವಲ್ಲ. ನಮ್ಮ ರಸ್ತೆಯಲ್ಲಿ ಪ್ರತಿ ಜಗ್ಗೂ ಒಂದೇ ಸಮ ಇರುವುದಿಲ್ಲ. ಸಣ್ಣದು, ದೊಡ್ಡದು, ಒಂದರೊಳಗೊಂದು. ಇದನ್ನು ವಿಂಗಡಿಸಲು 1968ರಲ್ಲಿ ಜಪಾನಿನ ಮಾತ್ಸುಯಿಶಿ ಮತ್ತು ಎಂಡೋ ಎಂಬುವರು ಒಂದು ವಿಧಾನ ಹೇಳಿದರು. ಏರಿಳಿತದ ನಕ್ಷೆಯನ್ನು ನಿಲ್ಲಿಸಿ ನೋಡಿದರೆ ಮೇಲಿಂದ ಕೆಳಗೆ ಮನೆಯ ಮಾಡುಗಳ ಹಾಗೆ ಕಾಣುತ್ತದೆ, ಅದರ ಮೇಲೆ ಮಳೆ ನೀರು ಹರಿದ ಹಾಗೆ ಎಣಿಸಿ ಎಂದರು. ಇನ್ನೊಂದು ವಿಚಿತ್ರ ಕೇಳಿ. ಒಂದು ದೊಡ್ಡ ಜಗ್ಗು ಬಿದ್ದ ಮೇಲೆ ಬಿರುಕು ಕೆಲವು ಕಾಲ ನಿಧಾನವಾಗುವುದೂ ಉಂಟು. ತುದಿಯಲ್ಲಿ ಲೋಹ ಹಿಗ್ಗಿ ಸುತ್ತಲಿಂದ ಅದುಮಿಕೊಳ್ಳುವುದರಿಂದ ಹಾಗಾಗುತ್ತದೆ. ಹಾಗಂತ ಬೇಕೆಂದೇ ಜಗ್ಗಬೇಡಿ. ಇನ್ನೂ ಸ್ವಲ್ಪ ದೊಡ್ಡ ಜಗ್ಗಾದರೆ ಅಲ್ಲೇ ಮುರಿಯುತ್ತದೆ.

ಈಗ ಈ ತುಂಡಿಗೆ ವಾಪಸು ಬರುತ್ತೇನೆ. ಸುವರ್ಣ ಮಹೋತ್ಸವದ ತಯಾರಿಗೆಂದು ಹೋದ ವರ್ಷ ಶಾಲೆಗೆ ಬಂದಾಗ, ಬೀರು ಶುಚಿ ಮಾಡುವಾಗ ಇದು ಸಿಕ್ಕಿತು. ಮೇಷ್ಟ್ರು ಇದನ್ನು ಎಸೆದಿರಲಿಲ್ಲ. ನಾನು ಸ್ಕೇಲ್ ಇಟ್ಟು ಅಳೆದೆ. ಪಟ್ಟಿಯ ಅಗಲ 60 ಮಿಲಿಮೀಟರ್. ಕಪ್ಪು ಭಾಗ 15 ಮಿಲಿಮೀಟರ್. ಬೆಂಗಳೂರಿಗೆ ಹೋಗಿ ಒಂದು ಭಾನುವಾರ ಲೆಕ್ಕಕ್ಕೆ ಕುಳಿತೆ.

ಬೆಸುಗೆಯ ಅಂಚಿನಲ್ಲಿ 2 ಮಿಲಿಮೀಟರ್ ದೋಷ ಇತ್ತು ಎಂದುಕೊಂಡೆ. ದಿನಕ್ಕೆ ಎಂಟು ಟ್ರಿಪ್, ಟ್ರಿಪ್ಪಿಗೆ 500 ಜಗ್ಗು, ಒಟ್ಟು ದಿನಕ್ಕೆ 4,000. ಒಂದೊಂದು ಜಗ್ಗಿಗೆ ಪಟ್ಟಿಯ ಪ್ರತಿ ಚದರ ಮಿಲಿಮೀಟರಿನಲ್ಲಿ ಸುಮಾರು 8 ಕೆ.ಜಿ. ತೂಗುಹಾಕಿದಷ್ಟು ಎಳೆತ. ಅಗಲವಾದ ಪಟ್ಟಿಯ ಸೂತ್ರ ಹಾಕಿದಾಗ ಕೈ ಲೆಕ್ಕದಲ್ಲಿ ಸುಮಾರು 250 ದಿನದ ಕೆಲಸ ಬಂತು. ನಿಜವಾದ 60 ಮಿಲಿಮೀಟರ್ ಅಗಲವನ್ನು ಕಂಪ್ಯೂಟರಿಗೆ ಕೊಟ್ಟಾಗ ಅದು ಸುಮಾರು 210 ದಿನಕ್ಕೆ ಇಳಿಯಿತು, ಯಾಕೆಂದರೆ ಬಿರುಕು ಬೆಳೆದಂತೆ ಉಳಿದ ಲೋಹವೇ ಎಲ್ಲ ಭಾರ ಹೊರಬೇಕು. ಎಳೆತ ನಾನು ಅಂದುಕೊಂಡದ್ದಕ್ಕಿಂತ ಅರ್ಧ ಪಾಲು ಹೆಚ್ಚಿತ್ತು ಎಂದರೆ ಸುಮಾರು 60 ದಿನ. ಕಾಲು ಪಾಲು ಕಡಿಮೆ ಇತ್ತು ಎಂದರೆ ಸುಮಾರು 500 ದಿನ.

60 ದಿನವೋ 500 ದಿನವೋ, ನನಗೆ ಹೇಳಲು ಆಗುವುದಿಲ್ಲ. ಅಂದಿನ ರಸ್ತೆಯನ್ನೂ ಹೊರೆಯನ್ನೂ ಈಗ ಅಳೆಯಲು ಬರುವುದಿಲ್ಲ. ಆದರೆ ಒಂದು ಮಾತು ಖಚಿತವಾಗಿ ಹೇಳಬಲ್ಲೆ. ಯಾವ ಅಂಕಿ ಹಾಕಿದರೂ ಉತ್ತರ ಒಂದು ದಿನ ಎಂದು ಬರಲಿಲ್ಲ. ಈ ಕಪ್ಪು ಭಾಗ ಒಂದು ಬೆಳಿಗ್ಗೆಯಲ್ಲಿ, ಒಂದು ಗುಂಡಿಯಲ್ಲಿ, ಒಬ್ಬ ಮನುಷ್ಯನ ಕೈತಪ್ಪಿನಿಂದ ಆದದ್ದಲ್ಲ. ತಿಂಗಳುಗಟ್ಟಲೆ ಬಿರುಕು ಬೆಳೆಯುತ್ತಿತ್ತು. ಹೆಚ್ಚು ಹೇರಿದವರು ನಾವು. ಗ್ರೀಸಿನ ಕೆಳಗೆ ಏನಿದೆ ಎಂದು ಒರೆಸಿ ನೋಡದವರು ನಾವು. ಟ್ರ್ಯಾಕ್ಟರ್ ನಮ್ಮ ಮನೆಯದು.

ಹೋದ ಯುಗಾದಿಗೆ ನಾನು ಆ ಡ್ರೈವರ್ ಅಣ್ಣನ ಮನೆಗೆ ಹೋಗಿ ಈ ತುಂಡನ್ನೂ ಲೆಕ್ಕದ ಕಾಗದವನ್ನೂ ತೋರಿಸಿದೆ. ಅವರು ಕಾಗದ ನೋಡಲಿಲ್ಲ. ತುಂಡನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. "ಆವತ್ತೇ ಹೇಳಿದ್ನಲ್ಲಪ್ಪಾ, ಸೆಕೆಂಡ್ ಗೇರಲ್ಲಿ ಹೋಗ್ತಿದ್ದೆ ಅಂತ" ಎಂದರು. ಅಷ್ಟೇ. ಆಮೇಲೆ ಹೋಳಿಗೆ ತಿಂದು ಹೋಗು ಎಂದರು. ಈ ವಿಷಯವನ್ನು ಇಲ್ಲಿ ಹೇಳಲು ಅವರ ಒಪ್ಪಿಗೆ ಕೇಳಿದ್ದೇನೆ. ಹೇಳು, ಹೆಸರು ಬೇಡ ಎಂದಿದ್ದಾರೆ. ನಮ್ಮ ಚಿಕ್ಕಪ್ಪ ಈಗಿಲ್ಲ. ನಮ್ಮ ಮನೆಯ ಪರವಾಗಿ, ಅವತ್ತು ತಪ್ಪು ಯಾರದು ಎಂದು ತಿಳಿಯದೆ ಒಬ್ಬರ ಅನ್ನ ಕಿತ್ತುಕೊಂಡದ್ದಕ್ಕೆ ಮತ್ತು ಕಾಲು ಮುರಿದುಕೊಂಡವರ ನೋವಿಗೆ, ಊರಿನ ಮುಂದೆ ಕ್ಷಮೆ ಕೇಳುತ್ತೇನೆ. ಒಂಬತ್ತನೇ ತರಗತಿಯಲ್ಲಿ ಮೇಷ್ಟ್ರು ಹೇಳಿದ ಮಾತನ್ನು ಮನೆಯಲ್ಲಿ ಹೇಳದೆ ಇದ್ದದ್ದು ನನ್ನ ತಪ್ಪು.

ಮುಗಿಸುವ ಮೊದಲು ಒಂದು ಕೆಲಸದ ಮಾತು. ವಿಮಾನಕ್ಕೂ ರೈಲಿಗೂ ಲೆಕ್ಕ ಹಾಕುವುದು ಎಂದು ಮುರಿಯುತ್ತದೆ ಎಂಬ ಭವಿಷ್ಯ ಹೇಳಲು ಅಲ್ಲ. ಯಾವಾಗ ಹೋಗಿ ನೋಡಬೇಕು ಎಂದು ತಿಳಿಯಲು. ಬಿರುಕು ಕಣ್ಣಿಗೆ ಬೀಳುವ ಅಳತೆಗೂ ಮುರಿಯುವ ಅಳತೆಗೂ ನಡುವೆ ಎಷ್ಟು ಕಾಲ ಇದೆಯೋ ಅಷ್ಟರಲ್ಲಿ ಕನಿಷ್ಠ ಎರಡು ಸಲ ನೋಡಬೇಕು. ಒಂದು ಸಲ ಕಣ್ಣು ತಪ್ಪಿದರೂ ಇನ್ನೊಂದು ಸಲ ಸಿಗುತ್ತದೆ.

ನಮ್ಮ ಟ್ರೇಲರುಗಳಿಗೆ ಇಂಥ ಲೆಕ್ಕ ಯಾರೂ ಹಾಕಿಕೊಡುವುದಿಲ್ಲ. ಆದರೆ ನೋಡುವುದಕ್ಕೆ ಕಂಪ್ಯೂಟರ್ ಬೇಕಿಲ್ಲ. ನಮ್ಮ ಮೇಷ್ಟ್ರು ಅವತ್ತು ಈ ತುಂಡಿನ ಮೇಲೆ ಮಾಡಿ ತೋರಿಸಿದ್ದನ್ನು ಹೇಳುತ್ತೇನೆ. ಹಿಂದಿನ ಕಾಲದಲ್ಲಿ ರೈಲ್ವೆ ವರ್ಕ್‌ಶಾಪುಗಳಲ್ಲಿ ಎಣ್ಣೆ ಮತ್ತು ಬಿಳಿ ಪುಡಿಯಿಂದ ಮಾಡುತ್ತಿದ್ದ ಪರೀಕ್ಷೆಯೇ ಇದು. ಗ್ರೀಸು, ಮಣ್ಣು, ತುಕ್ಕು ಎಲ್ಲ ಉಜ್ಜಿ ತೆಗೆಯಿರಿ. ಸೀಮೆಎಣ್ಣೆಯೋ ಡೀಸೆಲ್ಲೋ ಹಚ್ಚಿ ಕಾಲು ಗಂಟೆ ಬಿಡಿ. ಬಿರುಕು ಇದ್ದರೆ ಎಣ್ಣೆ ಒಳಗೆ ಇಳಿಯುತ್ತದೆ. ಮೇಲಿನದನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಆಮೇಲೆ ಸೀಮೆಸುಣ್ಣದ ಪುಡಿ ಸವರಿ. ಬಿರುಕು ಇದ್ದ ಕಡೆ ಒಳಗಿನ ಎಣ್ಣೆ ಪುಡಿಗೆ ಹೀರಿಕೊಂಡು ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ. ಮೇಷ್ಟ್ರು ಹಚ್ಚಿದಾಗ ಈ ತುಂಡಿನ ಇನ್ನೊಂದು ಅಂಚಿನಲ್ಲೂ ಒಂದು ಸಣ್ಣ ಗೆರೆ ಮೂಡಿತ್ತು. ಅಲ್ಲೂ ಇನ್ನೊಂದು ಬಿರುಕು ಬೆಳೆಯುತ್ತಿತ್ತು.

ಗೆರೆ ಕಂಡರೆ ಮೇಲೊಂದು ಬೆಸುಗೆ ಹಾಕಿಸಿ ಸುಮ್ಮನಾಗಬೇಡಿ. ಒಳಗಿನ ಬಿರುಕು ಹಾಗೇ ಉಳಿದಿರುತ್ತದೆ, ಕಣ್ಣಿಗೆ ಮಾತ್ರ ಮರೆಯಾಗುತ್ತದೆ. ಆ ಭಾಗವನ್ನೇ ಬದಲಾಯಿಸಿ. ಈ ಪರೀಕ್ಷೆಯನ್ನು ಟ್ರೇಲರ್ ಖಾಲಿ ಇರುವಾಗ, ಗಾಲಿಗೆ ಕಲ್ಲು ಕೊಟ್ಟು, ಬೆಂಕಿ ಬೀಡಿ ದೂರ ಇಟ್ಟು ಮಾಡಿ.

ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ವರ್ಷಕ್ಕೊಮ್ಮೆ, ಮಣ್ಣು ಗೊಬ್ಬರ ಹೊಡೆಯುವ ಕಾಲಕ್ಕೆ ಮುಂಚೆ, ಒಂದು ಶನಿವಾರ ಊರಿನ ಟ್ರೇಲರುಗಳನ್ನು ಶಾಲೆಯ ಮೈದಾನಕ್ಕೆ ತರಿಸೋಣ. ವಿಜ್ಞಾನದ ಮೇಷ್ಟ್ರ ಜೊತೆ ದೊಡ್ಡ ಮಕ್ಕಳು ಈ ಪರೀಕ್ಷೆ ಮಾಡಿ ಒಂದು ಪುಸ್ತಕದಲ್ಲಿ ಬರೆದಿಡಲಿ: ಯಾವ ಟ್ರೇಲರ್, ಯಾವ ಜಾಗ, ಎಷ್ಟು ಮಿಲಿಮೀಟರ್. ಮುಂದಿನ ವರ್ಷ ಅದೇ ಜಾಗವನ್ನು ಮತ್ತೆ ಅಳೆಯಲಿ. ಆ ದಿನ ನಾನೂ ಬರುತ್ತೇನೆ. ಪುಸ್ತಕದ ಅಂಕಿಗಳಿಂದ ಮಕ್ಕಳೇ ಪ್ಯಾರಿಸ್ ಸೂತ್ರ ಹಾಕಿ ನೋಡುವುದನ್ನು ಹೇಳಿಕೊಡುತ್ತೇನೆ. ಸೀಮೆಸುಣ್ಣಕ್ಕೆ ಶಾಲೆಯಲ್ಲಿ ಕೊರತೆ ಇಲ್ಲವಲ್ಲ.

ಈ ತುಂಡನ್ನು ಇವತ್ತು ಮತ್ತೆ ಶಾಲೆಗೆ ಒಪ್ಪಿಸುತ್ತಿದ್ದೇನೆ. ಬೀರುವಿನೊಳಗೆ ಬೇಡ, ಪ್ರಯೋಗಾಲಯದ ಮೇಜಿನ ಮೇಲೆ ಇಡಿ. ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ. ಎರಡು ಬಣ್ಣ ಯಾಕಿದೆ ಎಂದು ಅವರೂ ಕೇಳಲಿ.